ಮುಂದಿನ ಸಲ ಹುಲಿಗೆಮ್ಮ

ನಾಯಕರ ಬಳಿ ಆಪ್ತ ಸಹಾಯಕರಾಗಿ ಹೊಸದಾಗಿ ಸೇರಿದವರು ಆಗೀಗ ಸಿಂಧನೂರಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಶಿಫಾರಸು ಪತ್ರ ಹೇಗೆ ಬರೆಯಬೇಕು, ಬೇಡದವರ ಫೋನು ಬಂದರೆ ಏನು ಹೇಳಬೇಕು, ಒಂದೇ ದಿನ ಆರು ಮದುವೆ ಇದ್ದರೆ ಯಾವುದಕ್ಕೆ ಮೊದಲು ಹೋಗಬೇಕು ಎಂದೆಲ್ಲ ಕೇಳುತ್ತಾರೆ. ಇವು ಒಂದು ವರ್ಷ ಕಳೆಯುವುದರೊಳಗೆ ತಾವಾಗಿಯೇ ಕೈಗೆ ಹತ್ತುವ ಕೆಲಸಗಳು. ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ನಿಮ್ಮ ನಾಯಕರಿಗೆ ವಯಸ್ಸಾಗಿ, ಇನ್ನು ಸಾಕು ಎಂಬುದು ಊರಿಗೆಲ್ಲ ಗೊತ್ತಾಗಿ, ಅವರೊಬ್ಬರಿಗೆ ಮಾತ್ರ ಗೊತ್ತಾಗದೆ ಉಳಿದಾಗ ನೀವೇನು ಮಾಡುತ್ತೀರಿ?

ನನ್ನ ನೌಕರಿಯ ಕೊನೆಯ ಭಾಗವೆಲ್ಲ ಈ ತಲೆನೋವಿನಲ್ಲೇ ಕಳೆಯಿತು. ಆದ್ದರಿಂದ ಅದನ್ನೇ ಬರೆಯುತ್ತೇನೆ. ಊರುಗಳ ಹೆಸರು ಇದ್ದಂತೆಯೇ ಇಟ್ಟಿದ್ದೇನೆ, ಮನುಷ್ಯರ ಹೆಸರು ಬದಲಿಸಿದ್ದೇನೆ. ಕ್ಷೇತ್ರ ಯಾವುದು, ಪಕ್ಷ ಯಾವುದು ಎಂದು ಕೆದಕಬೇಡಿ. ಯಾವ ಪಕ್ಷಕ್ಕೆ ಹಚ್ಚಿದರೂ ಇದು ಹೊಂದುತ್ತದೆ.

ನಾನು ಮುದಗಲ್ಲಿನವನು, ಹೆಸರು ಖಾಜಾಹುಸೇನ. ಅಪ್ಪ ಕೋಟೆಯ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದರು. ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ರುದ್ರಗೌಡರು ಮೊದಲ ಸಲ ಶಾಸಕರಾಗಿ ಆರಿಸಿ ಬಂದರು. ಅವರ ಬಳಿಗೆ ಬರುತ್ತಿದ್ದ ಜಮೀನಿನ ಹಳೆಯ ಕಾಗದಗಳೆಲ್ಲ ನಿಜಾಮರ ಕಾಲದವು, ಉರ್ದುವಿನಲ್ಲಿದ್ದವು. ಉರ್ದು ಓದಬಲ್ಲ, ಕನ್ನಡದಲ್ಲಿ ಪತ್ರ ಬರೆಯಬಲ್ಲ ಒಬ್ಬನು ಬೇಕಾಗಿತ್ತು; ನನ್ನನ್ನು ನಿಯೋಜನೆಯ ಮೇಲೆ ಕರೆಸಿಕೊಂಡರು. ‘ಒಂದೆರಡು ತಿಂಗಳ ಮಟ್ಟಿಗೆ ಬಾ’ ಅಂದಿದ್ದರು. ನನ್ನ ಕೂದಲು ಬೆಳ್ಳಗಾಗುವವರೆಗೆ ಬಿಡಲಿಲ್ಲ.

ಗೌಡರ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಒಂದು ಮಾತು ಮೊದಲಿಗೇ ಹೇಳಿಬಿಡಬೇಕು. ಅವರು ಒಳ್ಳೆಯ ನಾಯಕರಾಗಿದ್ದರು. ಒಂದು ಬೇಸಿಗೆಯಲ್ಲಿ ಸಾಲಗುಂದದ ಕಡೆಯ ಕೊನೆ ಭಾಗದ ಗದ್ದೆಗಳಿಗೆ ಕಾಲುವೆ ನೀರು ಮುಟ್ಟಿರಲಿಲ್ಲ. ಗೌಡರು ಯಾರಿಗೂ ಫೋನು ಮಾಡಲಿಲ್ಲ. ಕಾಲುವೆಯ ದಂಡೆಯ ಮೇಲೆ ಒಂದು ಜಮಖಾನ ಹಾಸಿಸಿ ಕುಳಿತುಬಿಟ್ಟರು. ರೊಟ್ಟಿ ಅಲ್ಲಿಗೇ ಬಂತು, ಅರ್ಜಿಗಳೂ ಅಲ್ಲಿಗೇ ಬಂದವು. ಇಂಜಿನಿಯರರು ಬಂದು ‘ಏಳ್ರಿ ಸರ್, ಮರ್ಯಾದಿ ಅಲ್ಲ ಇದು’ ಎಂದಾಗ ಗೌಡರು, ‘ನನ್ನ ಮರ್ಯಾದಿ ಕಾಲುವ್ಯಾಗ ಬರಾಕತ್ತೈತಿ, ಬಂದ ಮ್ಯಾಲೆ ಏಳ್ತೀನಿ’ ಅಂದರು. ನೀರು ಬಂತು. ಆ ಭಾಗದ ಜನ ಇವತ್ತಿಗೂ ಆ ಮಾತು ಹೇಳಿ ನಗುತ್ತಾರೆ. ಸಾವಿರಾರು ಜನರ ಹೆಸರು, ಅವರ ಅಪ್ಪಂದಿರ ಹೆಸರು, ಯಾರ ಹೊಲ ಯಾರ ಬದುವಿಗೆ ಹತ್ತಿದೆ ಎಂಬುದೆಲ್ಲ ಗೌಡರ ತಲೆಯಲ್ಲಿತ್ತು. ನಾನು ಬರೆದಿಟ್ಟುಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ.

ಹೀಗಿದ್ದ ಮನುಷ್ಯ ಹೃದಯದ ಆಪರೇಷನ್ ಆಗಿ ಬಂದ ಮೇಲೆ ಮಸ್ಕಿಯ ಬಹಿರಂಗ ಸಭೆಯಲ್ಲಿ ಒಂದು ಘೋಷಣೆ ಮಾಡಿದರು. ‘ಇದು ನನ್ನ ಕಡೇ ಚುನಾವಣಿ. ಮುಂದಿನ ಸಲ ಹುಲಿಗೆಮ್ಮ!’

ಹುಲಿಗೆಮ್ಮ ಗೊರೇಬಾಳದವಳು. ಗ್ರಾಮ ಪಂಚಾಯಿತಿಯಿಂದ ಹಿಡಿದು ಜಿಲ್ಲಾ ಪಂಚಾಯಿತಿಯವರೆಗೆ ಗೌಡರೇ ಕೈಹಿಡಿದು ನಡೆಸಿದ ಹೆಣ್ಣುಮಗಳು. ಗಂಡ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಗೌಡರ ಮಗನಿಗೆ ರೈಸ್‌ಮಿಲ್ ಬಿಟ್ಟರೆ ಬೇರೆ ಧ್ಯಾನವಿಲ್ಲ. ರಾಜಕೀಯವೆಂದರೆ ಎದ್ದು ಹೋಗುತ್ತಾನೆ. ಹೀಗಾಗಿ ಗೌಡರಿಗೆ ಹುಲಿಗೆಮ್ಮನೇ ಕಣ್ಣಿಗೆ ಬಿದ್ದದ್ದು. ಮಾತು ಕಡಿಮೆ. ಯಾರಾದರೂ ಕಷ್ಟ ಹೇಳಿಕೊಂಡರೆ ‘ಆತು, ನೋಡೂಣು’ ಅನ್ನುವುದಿಲ್ಲ, ‘ಎಂದಿನಿಂದ?’ ಎಂದು ಕೇಳುತ್ತಾಳೆ. ಅವತ್ತು ವೇದಿಕೆಯ ಮೇಲೆ ಗೌಡರ ಕಾಲಿಗೆ ನಮಸ್ಕಾರ ಮಾಡಿದಳು. ಕಣ್ಣಲ್ಲಿ ನೀರಿತ್ತು. ನಾನೂ ಚಪ್ಪಾಳೆ ತಟ್ಟಿದೆ. ಆ ಸಲ ಗೌಡರು ಆರಾಮಾಗಿ ಗೆದ್ದರು.

ವಯಸ್ಸಾಗುವುದು ಒಂದೇ ದಿನ ಆಗುವುದಿಲ್ಲ. ಅದಕ್ಕೇ ಪತ್ತೆ ಹತ್ತುವುದಿಲ್ಲ.

ಮುದಗಲ್ಲಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಅಕ್ಕಪಕ್ಕದ ಎರಡು ಮಂಟಪಗಳಲ್ಲಿ ಎರಡು ಮದುವೆ. ನಾನು ಕಾರಿನಿಂದ ಉಡುಗೊರೆಯ ಡಬ್ಬಿ ಇಳಿಸುತ್ತಿರುವಷ್ಟರಲ್ಲಿ ಗೌಡರು ಬೇರೆ ಮಂಟಪಕ್ಕೆ ನುಗ್ಗಿ ಮೈಕು ಹಿಡಿದುಬಿಟ್ಟಿದ್ದರು. ಅದು ಅವರ ಹಳೆಯ ವಿರೋಧಿಯ ಮೊಮ್ಮಗಳ ಮದುವೆ. ‘ಈ ಮದುಮಗಳ ಮುತ್ಯಾ ಮತ್ತ ನಾನು ಕೂಡಿ ಜೇಲಿಗೆ ಹೋದವರು, ಅಂಥಾ ದೋಸ್ತಿ ನಮ್ಮದು!’ ಎಂದು ಗೌಡರು ಗದ್ಗದರಾಗಿ ಹೇಳುತ್ತಿದ್ದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ಮುತ್ಯಾ ಎದ್ದು ನಿಂತು, ‘ಜೇಲಿಗೆ ಹೋಗಿದ್ದು ಖರೇ ಐತ್ರಿ ಗೌಡ್ರ. ಆದ್ರ ಒಬ್ಬರ ಮ್ಯಾಲೆ ಒಬ್ಬರು ಕೇಸ್ ಹಾಕಿ ಹೋಗಿದ್ವಿ’ ಅಂದ. ಮಂಟಪವೆಲ್ಲ ನಕ್ಕಿತು. ಗೌಡರೂ ನಕ್ಕರು. ಮದುವೆಯಲ್ಲಿ ಇಂಥದ್ದು ನಡೆದುಹೋಗುತ್ತದೆ.

ವಾಟ್ಸಾಪ್ ಬಂದ ಮೇಲೆ ನನ್ನ ಗೋಳು ಇನ್ನೂ ಹೆಚ್ಚಿತು. ಮೊದಲು ಎಲ್ಲವೂ ಲೆಟರ್‌ಪ್ಯಾಡಿನಲ್ಲಿ ಹೋಗುತ್ತಿತ್ತು. ಗೌಡರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ದಸ್ಕತ್ತಿಗೆ ಮೊದಲು ಇಬ್ಬರೂ ಓದುತ್ತಿದ್ದೆವು. ತಪ್ಪಿದ್ದರೆ ಅಲ್ಲೇ ಸಿಗುತ್ತಿತ್ತು. ಈಗ ಬಾಯಿಂದ ಬಿದ್ದ ಮಾತು ನೇರ ಊರಿಗೆ. ಡಾಕ್ಟರರಿಗೆ ಕಳಿಸಬೇಕಾದ ಧ್ವನಿಸಂದೇಶವನ್ನು ಗೌಡರು ಒಂದು ಮುಂಜಾನೆ ಕಾರ್ಯಕರ್ತರ ಗುಂಪಿಗೆ ಕಳಿಸಿದರು. ‘ಎರಡು ದಿನ ಆತ್ರಿ ಡಾಕ್ಟ್ರ, ಹೊಟ್ಟಿ ಸಾಫ್ ಆಗವಲ್ದು’ ಎಂದು ಶುರುವಾಗಿ ವಿವರವಾಗಿತ್ತು. ನಾನು ನೋಡಿ ಅಳಿಸುವಷ್ಟರಲ್ಲಿ ಅದರ ಕೆಳಗೆ ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು, ‘ಗೌಡ್ರಿಗೆ ಜಯವಾಗಲಿ’ ಎಂಬ ಘೋಷಣೆಗಳು ಸಾಲುಗಟ್ಟಿದ್ದವು. ಕೇಳಿದವರು ಒಬ್ಬರೂ ಇರಲಿಲ್ಲ, ಜೈಕಾರ ಹಾಕಿದವರೇ ಎಲ್ಲ. ನಗುವುದೋ ಅಳುವುದೋ ತಿಳಿಯದೆ ಕುಳಿತೆ.

ಆದರೆ ಲಿಂಗಸುಗೂರಿನಲ್ಲಿ ನಡೆದದ್ದಕ್ಕೆ ನಗು ಬರಲಿಲ್ಲ. ಅಮರೇಶಪ್ಪ ಎಂಬ ನಮ್ಮ ಹಳೆಯ ಕಾರ್ಯಕರ್ತ ತೀರಿಕೊಂಡಿದ್ದ. ಗೌಡರು ಮಣ್ಣಿಗೆ ಹೋಗಿ, ಹೆಗಲು ಕೊಟ್ಟು, ಬಿಕ್ಕಿ ಬಿಕ್ಕಿ ಅತ್ತು ಬಂದಿದ್ದರು. ಸ್ವಲ್ಪ ದಿನಗಳ ನಂತರ ಲಿಂಗಸುಗೂರಿನ ಪ್ರವಾಸಿ ಮಂದಿರದಲ್ಲಿ ಜನರನ್ನು ಭೇಟಿಯಾಗುತ್ತಿದ್ದಾಗ ಆತನ ಹೆಂಡತಿ ನೀಲಮ್ಮ ವಿಧವಾ ವೇತನದ ಅರ್ಜಿ ಹಿಡಿದು ಬಂದಳು. ಗೌಡರು ಆಕೆಯನ್ನು ನೋಡಿ ಮುಖ ಅರಳಿಸಿ, ‘ಬಾರವ್ವಾ ನೀಲಮ್ಮ. ಅಮರೇಶ ಎಲ್ಲ್ಯದಾನ? ಬರಲಿಲ್ಲೇನು?’ ಅಂದರು.

ನೀಲಮ್ಮ ನನ್ನ ಮುಖ ನೋಡಿದಳು, ಗೌಡರ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ‘ಹೊಲಕ್ಕ ಹೋಗ್ಯಾರ್ರಿ’ ಅಂದಳು. ಗೌಡರು ‘ಬಂದ್ರ ಭೆಟ್ಟಿ ಆಗಾಕ ಹೇಳು’ ಅಂದರು. ಆಕೆ ‘ಹೇಳ್ತೀನ್ರಿ’ ಅಂದಳು.

ಹೊರಗೆ ಬಂದು ನಾನು ಆಕೆಗೆ ಕೈಮುಗಿದೆ. ‘ಇರ್ಲಿ ಬಿಡಣ್ಣ’ ಅಂದಳು ನೀಲಮ್ಮ. ‘ನಮ್ಮ ಮನಿಯವರಂದ್ರ ಗೌಡ್ರಿಗೆ ಜೀವ ಇತ್ತು. ಹಿರೇ ಜೀವ ಅದು, ಯಾಕ ನೋಯಿಸ್ಬೇಕು?’

ಆ ಹೆಣ್ಣುಮಗಳ ದೊಡ್ಡ ಮನಸ್ಸಿಗೆ ನಾನು ಎಂದೆಂದಿಗೂ ಶರಣು. ಆದರೆ ಈ ಕೆಲಸಕ್ಕೆ ಬರುವವರು ಒಂದು ಮಾತು ತಿಳಿದಿರಲಿ: ನಾಯಕರನ್ನು ಏಳಬೇಕಾದ ಜಾಗದಲ್ಲಿ ಕೂರಿಸಿಡುವುದು ಇಂಥ ಮರುಕವೇ. ಸ್ವಾರ್ಥಿಗಳು ಕೂರಿಸಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಒಳ್ಳೆಯವರೂ ಕೂರಿಸಿಡುತ್ತಾರೆ. ಒಬ್ಬರು ಹೆಸರು ನೆನಪಿಸುತ್ತಾರೆ, ಇನ್ನೊಬ್ಬರು ತಪ್ಪು ಮುಚ್ಚುತ್ತಾರೆ, ಮೆಟ್ಟಿಲಲ್ಲಿ ಮತ್ತೊಬ್ಬರು ತೋಳು ಹಿಡಿಯುತ್ತಾರೆ. ಹೀಗೆ ಎಲ್ಲ ಕಡೆಯಿಂದ ಆನಿಕೆ ಕೊಟ್ಟು ನಿಲ್ಲಿಸಿದ ಗೋಡೆ ‘ನಾನು ಗಟ್ಟಿ ಅದೀನಿ’ ಅಂದುಕೊಳ್ಳುತ್ತದೆ.

ಐದು ವರ್ಷ ಮುಗಿದು ಮತ್ತೆ ಚುನಾವಣೆ ಹತ್ತಿರ ಬಂತು. ಮಸ್ಕಿಯಲ್ಲೇ ಸಭೆ. ಗೌಡರು ಹೇಳಿದಂತೆಯೇ ನಾನು ಭಾಷಣ ಬರೆದಿದ್ದೆ. ಮೊದಲ ಹಾಳೆಯಲ್ಲಿ ಮಾಡಿದ ಕೆಲಸಗಳು, ಎರಡನೆಯದರಲ್ಲಿ ಬೀಳ್ಕೊಡುಗೆ ಮತ್ತು ಹುಲಿಗೆಮ್ಮನ ಹೆಸರು. ಹುಲಿಗೆಮ್ಮ ಹೊಸ ಇಳಕಲ್ ಸೀರೆ ಉಟ್ಟು ವೇದಿಕೆಯ ಮೇಲೆ ಕುಳಿತಿದ್ದಳು. ಆಕೆಯ ಅತ್ತೆ ಗೊರೇಬಾಳದ ಹೆಂಗಸರನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿದ್ದಳು. ಗೌಡರು ಮೊದಲ ಹಾಳೆ ಓದಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಗುಂಪು ‘ಗೌಡ್ರೇ ಬೇಕು! ಗೌಡ್ರೇ ಬೇಕು!’ ಎಂದು ಕೂಗತೊಡಗಿತು. ಕೂಗಿದವರನ್ನು ಯಾರು ಗಾಡಿ ಮಾಡಿ ಕರೆತಂದಿದ್ದರು ಎಂಬುದು ನನಗೆ ಗೊತ್ತಿತ್ತು. ಗೌಡರು ಕುರ್ಚಿಯಲ್ಲಿದ್ದಷ್ಟು ಕಾಲ ಅವರ ಬೇಳೆ ಬೇಯುತ್ತಿತ್ತು. ಗೌಡರು ಎರಡನೆಯ ಹಾಳೆಯನ್ನು ನೋಡಿದರು, ಮಡಚಿದರು, ಜುಬ್ಬಾದ ಕಿಸೆಗೆ ಹಾಕಿಕೊಂಡರು. ‘ನಿಮ್ಮ ಮಾತು ಮೀರಂಗಿಲ್ಲ’ ಎಂದು ಕೈಮುಗಿದರು.

ಕೆಳಗಿಳಿದ ಮೇಲೆ ನಾನು, ‘ಏನ್ ಗೌಡ್ರ ಇದು?’ ಎಂದೆ.

‘ಏನ್ ಮಾಡ್ಲೋ ಖಾಜಾ, ಮಂದಿ ಬಿಡವಲ್ರು.’

‘ಮಂದಿ ಬಿಡ್ತಾರ್ರಿ. ನೀವು ಬಿಡವಲ್ರಿ.’

ಅವರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತೋ. ಆ ದಿನಗಳಲ್ಲಿ ಅದನ್ನು ಹೇಳುವುದು ಕಷ್ಟವಿತ್ತು. ಕಿವಿಗೆ ಹಾಕುವ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಅದನ್ನು ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಹುಲಿಗೆಮ್ಮ ಅವತ್ತು ಜಗಳ ಮಾಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನ ಮನೆಗೆ ಬಂದು, ನನ್ನ ಹೆಂಡತಿ ಮಹಬೂಬಿ ಕೊಟ್ಟ ಚಹಾ ಕುಡಿದು, ‘ಖಾಜಾ ಮಾಮಾ, ನನಗ ಅಡ್ಡಹೆಸರು ಬಿದ್ದೈತಿ ನೋಡು’ ಅಂದಳು. ‘ನಿನ್ನೆ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಕಿ ಮತ್ತೊಬ್ಬಾಕಿಗೆ ಹೇಳಾಕತ್ತಿದ್ಲು, “ಮುಂದಿನ ಸಲ ಹುಲಿಗೆಮ್ಮ ಬಂದ್ಲು ನೋಡು” ಅಂತ. ನಾ ಎಷ್ಟು ವರ್ಷ ಮುಂದಿನ ಸಲ ಆಗಿರ್ಲಿ?’

ಒಳಗಿನಿಂದ ಮಹಬೂಬಿ, ‘ಗೌಡ್ರು ಕುರ್ಚಿ ಮ್ಯಾಲೆ ಕುಂತಾರೋ, ಕುರ್ಚಿನೇ ಗೌಡ್ರ ಮ್ಯಾಲೆ ಕುಂತೈತೋ?’ ಎಂದಳು. ಹುಲಿಗೆಮ್ಮ ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಆ ಚುನಾವಣೆಯಲ್ಲಿ ಹಳ್ಳಿಹಳ್ಳಿ ತಿರುಗಿ ಗೌಡರನ್ನು ದಡ ಮುಟ್ಟಿಸಿದವಳೂ ಅವಳೇ. ಕೂದಲೆಳೆಯಲ್ಲಿ ಗೆದ್ದೆವು.

ನನಗೆ ಅರವತ್ತಾದಾಗ ಸರ್ಕಾರ ಒಂದು ಶಾಲು ಹೊದಿಸಿ ಮನೆಗೆ ಕಳಿಸಿತು. ನನಗಿಂತ ಎಷ್ಟೋ ದೊಡ್ಡವರಾದ ಗೌಡರು ಆ ಸಮಾರಂಭದ ಅಧ್ಯಕ್ಷತೆ ವಹಿಸಿ, ‘ಹೊಸಬರಿಗೆ ದಾರಿ ಬಿಟ್ಟುಕೊಡೂದು ಹಿರಿಯರ ಧರ್ಮ’ ಎಂದು ಭಾಷಣ ಮಾಡಿದರು. ನನಗೆ ಮೈ ಉರಿಯಿತು. ಮರುದಿನ ಮುಂಜಾನೆಯೇ ಫೋನು: ‘ಎಲ್ಲಿದೀಯೋ ಖಾಜಾ? ಇನ್ನೂ ಬರಲಿಲ್ಲ?’ ಹೋದೆ. ಹೋಗುತ್ತಲೇ ಇದ್ದೆ.

ಆ ಅವಧಿಯಲ್ಲಿಯೇ ನೀರಿನ ಪ್ರಕರಣ ನಡೆದದ್ದು. ಅಣೆಕಟ್ಟಿನಲ್ಲಿ ನೀರು ಕಡಿಮೆಯಿತ್ತು. ಸಿಂಧನೂರಿನಲ್ಲಿ ಅಧಿಕಾರಿಗಳ ಸಭೆ. ಸರದಿ ಪ್ರಕಾರ ನೀರು ಬಿಡುವುದು, ಕೊನೆ ಭಾಗದ ಕಾಲುವೆಗಳನ್ನು ಕೆಲವು ದಿನ ಪೂರ್ತಿ ಮುಚ್ಚುವುದು ಎಂಬ ಪ್ರಸ್ತಾಪ ಬಂತು. ಅಷ್ಟರಲ್ಲಿ ಒಂದು ಫೋನು ಬಂದು ನಾನು ಹೊರಗೆ ಹೋಗಿದ್ದೆ. ಇಂಜಿನಿಯರರು ಗೌಡರನ್ನು ಕೇಳಿದರಂತೆ. ಗೌಡರು ‘ಆಗ್ಲಿ, ಹಂಗೇ ಮಾಡ್ರಿ’ ಅಂದರಂತೆ. ಅನುಮಾನ ಬಂದು ಇನ್ನೊಮ್ಮೆ ಕೇಳಿದರೂ ‘ಹಂಗೇ ಮಾಡ್ರಿ ಅಂದೆನಲ್ಲ’ ಅಂದರಂತೆ. ಸಮುದಾಯ ಭವನದ ಉದ್ಘಾಟನೆಯ ದಿನ ಗೊತ್ತು ಮಾಡುತ್ತಿದ್ದಾರೆ ಎಂದು ಗೌಡರು ತಿಳಿದಿದ್ದರು. ಯಂತ್ರ ಕಿಸೆಯಲ್ಲಿತ್ತು.

ಎರಡು ದಿನ ಬಿಟ್ಟು ಸಾಲಗುಂದದ ಕಡೆಯ ರೈತರು ಟ್ರ್ಯಾಕ್ಟರುಗಳಲ್ಲಿ ಗೌಡರ ಮನೆಯ ಮುಂದೆ ಬಂದು ಇಳಿದರು. ಭತ್ತ ತೆನೆ ಕಟ್ಟುವ ಹೊತ್ತು. ಆಗ ನೀರು ತಪ್ಪಿದರೆ ಹುಲ್ಲೇ ಗತಿ. ಗೌಡರು ಧೋತರದ ಚುಂಗು ಹಿಡಿದು ಹಳೆಯ ಹುರುಪಿನಲ್ಲೇ ಹೊರಗೆ ಬಂದರು.

‘ಯಾವಾಂವ ನೀರು ಬಂದ್ ಮಾಡಿದಾಂವ? ಹೇಳ್ರಿ, ನಾ ಬಿಡಂಗಿಲ್ಲ ಅವನ್ನ!’

ಬಂದವರೆಲ್ಲ ತಲೆ ತಗ್ಗಿಸಿ ನಿಂತರು. ಕೊನೆಗೆ ಒಬ್ಬ ವಯಸ್ಸಾದ ರೈತ, ಕಾಲುವೆ ದಂಡೆಯ ಜಮಖಾನದ ಮೇಲೆ ಗೌಡರ ಪಕ್ಕದಲ್ಲೇ ಕುಳಿತಿದ್ದವನು, ಟವೆಲು ಕೈಯಲ್ಲಿ ಹಿಡಿದು ಹೇಳಿದ:

‘ನೀವೇ ರೀ ಗೌಡ್ರ.’

ಗೌಡರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರ ಮುಖದಲ್ಲಿ ಆಗ ಮೂಡಿದ್ದನ್ನು ನಾನು ಬರೆಯಲಾರೆ. ಅಂಗಳದಲ್ಲಿ ನಿಂತವರು ಒಬ್ಬೊಬ್ಬರೇ ಬೇರೆ ಕಡೆ ನೋಡಿದರು.

ಸುದ್ದಿ ತಿಳಿದು ಹುಲಿಗೆಮ್ಮ ಬೈಕಿನಲ್ಲಿ ಗಂಡನ ಹಿಂದೆ ಕುಳಿತು ಬಂದಳು. ಬಂದವಳೇ ಗೌಡರ ಪಕ್ಕದಲ್ಲಿ ನಿಂತು, ‘ಗೌಡ್ರು ನನಗ ಮುಂಜಾನೇನ ಹೇಳ್ಯಾರ. ನಡೀರಿ, ಆಫೀಸಿಗೆ ಹೋಗೂಣು’ ಅಂದಳು. ಗೌಡರು ಆಕೆಗೆ ಏನನ್ನೂ ಹೇಳಿರಲಿಲ್ಲ. ರೈತರಿಗೂ ಅದು ಗೊತ್ತಿತ್ತು. ಆದರೂ ಟ್ರ್ಯಾಕ್ಟರುಗಳು ಆಕೆಯ ಹಿಂದೆ ಹೊರಟವು.

ಇಂಜಿನಿಯರರು ಒಂದೇ ಮಾತು ಹೇಳಿದರು: ಮೇಲಿನ ಊರುಗಳು ತಮ್ಮ ಸರದಿಯಲ್ಲಿ ಒಂದಷ್ಟು ಬಿಟ್ಟುಕೊಟ್ಟರೆ ಕೆಳಗೆ ನೀರು, ಇಲ್ಲದಿದ್ದರೆ ಇಲ್ಲ. ಮೇಲಿನ ಊರುಗಳಲ್ಲಿ ಗೊರೇಬಾಳವೂ ಒಂದು. ಹುಲಿಗೆಮ್ಮ ತನ್ನ ಊರಿನವರನ್ನೇ ಕೂರಿಸಿಕೊಂಡು, ‘ನಮ್ಮದು ಹಸಿರಾಗೈತಿ, ಅವ್ರದು ಹಳದಿ ಆಗಾಕತ್ತೈತಿ. ನಾಕು ದಿನ ತಡೀರಿ’ ಎಂದು ಕೇಳಿದಳು. ಬೈಸಿಕೊಂಡಳು. ‘ನೀ ನಮ್ಮೂರ ಸೊಸೀನೋ, ಅವ್ರೂರ ಮಗಳೋ?’ ಎಂದು ಒಬ್ಬ ಕೂಗಿದ. ಮೊದಲು ತನ್ನ ಗದ್ದೆಯ ತೂಬನ್ನೇ ಮುಚ್ಚಿ ಬಂದಳು. ಗಂಡ ಕೆಲವು ದಿನ ಆಕೆಯ ಜತೆ ಮಾತು ಬಿಟ್ಟನಂತೆ. ಕೊನೆಗೆ ಊರು ಒಪ್ಪಿತು, ನೀರು ಕೆಳಗೆ ಹರಿಯಿತು, ಭತ್ತ ಉಳಿಯಿತು.

ಗೌಡರು ಪತ್ರಿಕೆಯವರನ್ನು ಕರೆದು, ‘ನಾನೇ ಹುಲಿಗೆಮ್ಮನ್ನ ಕಳಿಸಿ ಬಗೆಹರಿಸಿದೆ’ ಅಂದರು. ಸುಳ್ಳು ಹೇಳಿದ್ದರೆ ನನಗೆ ಬೇಸರವಾಗುತ್ತಿರಲಿಲ್ಲ, ರಾಜಕೀಯದಲ್ಲಿ ಅದು ಊಟದ ಜತೆ ಉಪ್ಪಿನಕಾಯಿ ಇದ್ದ ಹಾಗೆ. ಅವರು ನಿಜವಾಗಿಯೂ ಹಾಗೆಂದು ನಂಬಿದ್ದರು. ಅವತ್ತು ನನ್ನ ತಾಳ್ಮೆ ಕಡಿದುಹೋಯಿತು.

ಮಧ್ಯಾಹ್ನ, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿಕೊಂಡು ಗೌಡರು ಉಣ್ಣುತ್ತಿದ್ದರು. ನಾನು ಎದುರಿಗೆ ಕುಳಿತು, ‘ಯಂತ್ರ ಹಾಕ್ಕೋರಿ’ ಎಂದೆ. ಹಾಕಿಕೊಂಡರು. ‘ಗೌಡ್ರ, ಇನ್ನ ಸಾಕು ಮಾಡ್ರಿ.’

ತುತ್ತು ಕೈಯಲ್ಲೇ ಉಳಿಯಿತು. ಗೌಡರು ಕೇಳಿದರು, ‘ನಿನಗ ಅರವತ್ತಾತು, ಸರ್ಕಾರ ಮನಿಗೆ ಕಳಿಸ್ತು. ನೀ ಬರೂದು ಬಿಟ್ಟೀಯೇನು?’

‘ಇಲ್ರೀ.’

‘ಮತ್ತ ನನಗ್ಯಾಕ ಹೇಳ್ತಿ?’

‘ನಾ ಬರಲಿಲ್ಲಂದ್ರ ಯಾರ ಗದ್ದಿನೂ ಒಣಗೂದಿಲ್ರೀ. ನಾ ಬಂದ್ರೂ ಒಣಗೂದಿಲ್ಲ.’

ಗೌಡರು ತಟ್ಟೆ ಸರಿಸಿದರು. ‘ನೀ ತಿಳಿದಷ್ಟು ಹಗುರ ಅಲ್ಲೋ ಇದು. ನಾ ಎದ್ದೆ ಅನ್ನು. ಟಿಕೆಟ್ಟು ಹುಲಿಗೆಮ್ಮಗ ಕೊಡ್ತಾರಂತ ಯಾರು ಹೇಳ್ಯಾರ ನಿನಗ? ಈಗ ನಾಕು ಗುಂಪಿನವರು ನನ್ನ ಮಾರಿ ನೋಡಿ ಒಂದು ಕಡಿ ಕುಂದುರ್ತಾರ. ನಾ ಎದ್ದರ ನಾಕು ದಿಕ್ಕಿಗೆ ಹೊಕ್ಕಾರ. ಆಕೀನ ಹರಕೊಂಡು ತಿಂತಾರ.’

ಅದರಲ್ಲಿ ಸುಳ್ಳಿರಲಿಲ್ಲ. ಗೌಡರ ವಾದವನ್ನು ನಾನು ಈಗಲೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅದಕ್ಕೂ ಉತ್ತರವಿತ್ತು, ಹೇಳಿದೆ: ‘ಇವತ್ತು ನಿಮ್ಮ ಮಾತು ನಡೀತೈತ್ರಿ. ಇವತ್ತು ಕುಂತು ಆಕೀನ ಕುರ್ಚಿಗೆ ಕುಂದ್ರಿಸ್ರಿ. ನಾಳೆ ನಿಮ್ಮ ಮಾತು ನಡಿಯೂದಿಲ್ಲ. ಬಿಟ್ಟುಕೊಡಾಕೂ ಕೈಯಾಗ ಏನರ ಇರ್ಬೇಕ್ರೀ.’

ಗೌಡರು ಬಾಗಿಲ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, ‘ಮುಂಜಾನಿ ಎದ್ದು ಬಾಗಲ ತಗದ್ರ ಮಂದಿ ಇರ್ಬೇಕು ನನಗ. ಇಲ್ಲಂದ್ರ ನಾ ಯಾರ ಮಾರಿ ನೋಡ್ಲಿ?’ ಎಂದರು. ಮತ್ತೆ ತಕ್ಷಣವೇ ಯಂತ್ರ ತೆಗೆದು ಕಿಸೆಗೆ ಹಾಕಿಕೊಂಡರು. ನಮ್ಮ ಮಾತು ಅಲ್ಲಿಗೆ ಮುಗಿಯಿತು. ನಾನು ಮರುದಿನದಿಂದ ಹೋಗುವುದನ್ನು ಬಿಟ್ಟೆ. ಫೋನು ಬಂದರೆ ಮಹಬೂಬಿ ಎತ್ತಿ, ‘ಅವ್ರು ರಿಟೈರ್ ಆಗ್ಯಾರ್ರಿ’ ಎನ್ನುತ್ತಿದ್ದಳು. ಖುಷಿಯಿಂದ ಎನ್ನುತ್ತಿದ್ದಳು.

ಚುನಾವಣೆಗೆ ಇನ್ನು ಕೆಲವೇ ತಿಂಗಳಿದ್ದಾಗ ಗೌಡರೇ ನಮ್ಮ ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ಕರೆಯದೆ ಬಂದದ್ದು ಅದೇ ಮೊದಲು. ‘ನೀ ಅಂದಿದ್ದು ಖರೇ ಅದ. ಬಿಟ್ಟುಕೊಡ್ತೀನಿ. ರಾಯಚೂರಿಗೆ ಪಕ್ಷದ ಹಿರಿಯರು ಬಂದಾರ, ನಡಿ’ ಅಂದರು. ನಾನು ಅಂಗಿ ಬದಲಿಸಿ ಹೊರಟೆ. ದಾರಿಯುದ್ದಕ್ಕೂ ಗೌಡರು ಹುಲಿಗೆಮ್ಮನ ಗುಣಗಳನ್ನು ಹೇಳುತ್ತಲೇ ಇದ್ದರು, ಮದುವೆಗೆ ಮಗಳನ್ನು ತೋರಿಸಲು ಹೊರಟ ಅಪ್ಪನ ಹಾಗೆ.

ಹಿರಿಯರು ಎದ್ದು ಬಂದು ಅಪ್ಪಿಕೊಂಡರು. ‘ಎಂಥಾ ದೊಡ್ಡ ಮನಸ್ಸು ಗೌಡರದು!’ ಎಂದು ಹಾರ ಹಾಕಿದರು, ಫೋಟೋ ತೆಗೆಸಿದರು. ಗೌಡರು ಹುಲಿಗೆಮ್ಮನ ಹೆಸರು ಹೇಳಿದರು. ಹಿರಿಯರು ‘ನೋಡೋಣ’ ಎಂದರು. ಗೌಡರು ಇನ್ನೊಮ್ಮೆ ಹೇಳಿದರು. ‘ಖಂಡಿತ ನೋಡೋಣ’ ಎಂದರು. ನಲವತ್ತು ವರ್ಷ ‘ನೋಡೋಣ’ ಎಂಬ ಮಾತನ್ನು ಟೈಪು ಮಾಡಿದವನು ನಾನು. ಅದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಟಿಕೆಟ್ಟು ಲಿಂಗಸುಗೂರಿನ ಒಬ್ಬ ಗುತ್ತಿಗೆದಾರನಿಗೆ ಹೋಯಿತು. ಗೌಡರು ಬರುವ ಎಷ್ಟೋ ಮೊದಲೇ ಅದು ಗೊತ್ತಾಗಿತ್ತಂತೆ. ಗೌಡರೇ ಬಿಟ್ಟುಕೊಟ್ಟಿದ್ದರಿಂದ ಎಲ್ಲರಿಗೂ ಸಲೀಸಾಯಿತು. ಗೌಡರು ಹಿರಿಯರಿಗೆ ಫೋನು ಮಾಡು ಅಂದರು. ಮಾಡಿದೆ. ಅತ್ತಲಿಂದ ಒಬ್ಬ ಆಪ್ತ ಸಹಾಯಕ ಬಹಳ ವಿನಯದಿಂದ, ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಸರ್’ ಅಂದ. ಒಳ್ಳೆಯ ಹುಡುಗ, ದನಿಯಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಹುಲಿಗೆಮ್ಮ ಪಕ್ಷೇತರಳಾಗಿ ನಿಂತಳು. ಗೌಡರನ್ನು ಪ್ರಚಾರಕ್ಕೆ ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗೌಡರು ತಮ್ಮ ಹಳೆಯ ಜೀಪು ತೆಗೆಸಿ ತಾವೇ ಹೊರಟರು. ಜತೆಗೆ ನಾನು. ಸಾಲಗುಂದದಲ್ಲಿ ಹುಲಿಗೆಮ್ಮನ ಸಭೆಗೆ ಜನ ಸೇರಿದ್ದರು. ಗೌಡರು ಅದ್ಭುತವಾಗಿ ಮಾತಾಡಿದರು, ಕಾಲುವೆಯ ಕಥೆ ಹೇಳಿದರು, ಹುಲಿಗೆಮ್ಮ ತನ್ನ ಗದ್ದೆಯ ತೂಬು ಮುಚ್ಚಿದ್ದನ್ನು ಹೇಳಿದರು, ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗೆ ಕೈಯೆತ್ತಿ, ಜೀವಮಾನವೆಲ್ಲ ಹೇಳಿದ ರೂಢಿಯಲ್ಲಿ, ಹಳೆಯ ಪಕ್ಷದ ಗುರುತಿಗೇ ವೋಟು ಹಾಕಿರಿ ಎಂದು ಕೂಗಿದರು.

ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ. ಹುಲಿಗೆಮ್ಮ ಮೈಕು ತೆಗೆದುಕೊಂಡು, ‘ಗೌಡ್ರ ಬಾಯಿ ಹಳೇದು, ಮನಸು ನನ್ನ ಕಡೇ ಐತ್ರಿ’ ಅಂದಳು. ಜನ ನಕ್ಕು ಚಪ್ಪಾಳೆ ತಟ್ಟಿದರು.

ಸೋತಳು. ಹತ್ತಿರ ಬಂದು ಸೋತಳು. ಐದು ವರ್ಷ ಮೊದಲೇ ಪಕ್ಷದ ಟಿಕೆಟ್ಟಿನಲ್ಲಿ ನಿಂತಿದ್ದರೆ ನಿದ್ದೆಗಣ್ಣಿನಲ್ಲಿ ಗೆಲ್ಲುತ್ತಿದ್ದಳು. ಮಸ್ಕಿಯಲ್ಲಿ ಆ ಎರಡನೆಯ ಹಾಳೆ ಓದಿದ್ದರೆ ಸಾಕಿತ್ತು. ಹಿರಿಯ ನಾಯಕರು ದಾರಿ ಬಿಡಬೇಕೋ ಬೇಡವೋ ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಧರ್ಮ, ವಯಸ್ಸು ಎಂದೆಲ್ಲ ಹೇಳುವುದಿಲ್ಲ. ಬಿಡಬೇಡಿ ಎಂದು ಜನ ಕೂಗುತ್ತಿರುವಾಗಲೇ ಬಿಡಿ, ಆಗ ಮಾತ್ರ ಅದು ಬಿಟ್ಟುಕೊಟ್ಟಂತೆ. ಆಮೇಲೆ ಬಿಟ್ಟರೆ ಅದು ಉಳಿದವರಿಗೆ ಸಿಕ್ಕ ಬರಿಯ ಬಿಡುಗಡೆ ಎನ್ನುತ್ತೇನೆ.

ಗೆದ್ದ ಗುತ್ತಿಗೆದಾರ ಊರಲ್ಲಿ ಸಿಗುವುದಿಲ್ಲ. ಹೀಗಾಗಿ ಜನ ಈಗ ಗೊರೇಬಾಳಕ್ಕೆ ಹೋಗುತ್ತಾರೆ. ಹುಲಿಗೆಮ್ಮನ ಮನೆ ಚಿಕ್ಕದು. ಗಂಡನ ಶೆಡ್ಡಿನಲ್ಲಿ, ಬಿಚ್ಚಿಟ್ಟ ಟ್ರ್ಯಾಕ್ಟರುಗಳ ನಡುವೆ ಬೆಂಚು ಹಾಕಿದ್ದಾರೆ. ಅಧಿಕಾರವಿಲ್ಲ, ಆದರೂ ಇಂಜಿನಿಯರರು ಆಕೆಯ ಫೋನು ಎತ್ತುತ್ತಾರೆ.

ಹೋದ ತಿಂಗಳು ಗೌಡರು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಅವರ ಮನೆಗೆ ಯಾರೋ ಒಬ್ಬ ಹಳಬ ಅರ್ಜಿ ತಂದಿದ್ದ, ಹೊಲದ ದಾರಿಯ ತಂಟೆ. ಅದನ್ನು ತಾವೇ ಹಿಡಿದುಕೊಂಡು ಹೊರಟಿದ್ದರು. ಶೆಡ್ಡಿನಲ್ಲಿ ಜನವಿದ್ದರು. ಹುಲಿಗೆಮ್ಮ ಗೌಡರನ್ನು ನೋಡಿ ದಡಬಡಿಸಿ ಎದ್ದಳು.

‘ಕುಂದ್ರವ್ವ’ ಅಂದರು ಗೌಡರು. ‘ನನ್ನ ಪಾಳಿ ಬರ್ಲಿ.’

ಬೆಂಚಿನ ತುದಿಯಲ್ಲಿ ಕುಳಿತರು. ಕಿವಿಗೆ ಯಂತ್ರ ಹಾಕಿಕೊಂಡಿದ್ದರು. ಪಾಳಿ ಬಂತು. ಹುಲಿಗೆಮ್ಮ ಅರ್ಜಿ ಓದಿ, ‘ಎಂದಿನಿಂದ ಗೌಡ್ರ ಇದು?’ ಎಂದು ಕೇಳಿ, ತಹಶೀಲ್ದಾರರ ಕಚೇರಿಗೆ ಅಲ್ಲೇ ಫೋನು ಹಚ್ಚಿದಳು. ಕೆಲಸವಾಯಿತು. ಗೌಡರು ಏಳಲಿಲ್ಲ. ಫೋನಿನಲ್ಲಿ ಅರ್ಜಿದಾರನ ಹೆಸರು ಮೊದಲೇ ಹೇಳಬಾರದು, ಆಮೇಲೆ ಹೇಳಬೇಕು ಎಂದು ಶುರು ಮಾಡಿದರು. ಅಲ್ಲಿಂದ ತಮ್ಮ ಮೊದಲ ಚುನಾವಣೆಗೆ ಹೋದರು. ಹುಲಿಗೆಮ್ಮ ಹೂಂಗುಟ್ಟುತ್ತ ಕೇಳುತ್ತಿದ್ದಳು. ಬೆಂಚಿನ ಮೇಲಿದ್ದವರೂ ಮರ್ಯಾದೆಗೆ ಕೇಳುತ್ತಿದ್ದರು. ಎಲ್ಲರ ಕೈಯಲ್ಲೂ ಕಾಗದಗಳಿದ್ದವು.

ನಾನು ಮುಂದೆ ಬಗ್ಗಿ ಗೌಡರ ತೋಳು ಮುಟ್ಟಿದೆ.

‘ಏಳ್ರಿ ಗೌಡ್ರ. ಹಿಂದ ಮಂದಿ ಕುಂತಾರ.’

ಗೌಡರು ತಿರುಗಿ ನೋಡಿದರು. ಅಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

‘ಹೌದಲ್ಲ’ ಅಂದರು. ಎದ್ದರು.